ಬೆಣ್ಣೆಯಿಲ್ಲದ ಕೇಕು

"ಇದನ್ನ ಚಪ್ಪಲಿ ಅಂಗಡಿಗೆ ಕೊಡು. ಅಟ್ಟೆಗಾಗುತ್ತೆ," ಎನ್ನುತ್ತಾ ಅತ್ತೆ ಬೆರಳ ಗಿಣ್ಣಿನಿಂದ ಕೇಕನ್ನು ಕುಟ್ಟಿ ನೋಡಿದಳು. ಬಾಗಿಲು ತಟ್ಟಿದ ಹಾಗೆ ಶಬ್ದ ಬಂತು.

ಮಗಳು ಬಿಸಿ ಟಿನ್ನನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಹಿಟ್ಟು ಹುಯ್ದಾಗ ಟಿನ್ನಿನಲ್ಲಿ ಎಷ್ಟು ಎತ್ತರವಿತ್ತೋ ಬೆಂದ ಮೇಲೂ ಅಷ್ಟೇ ಇತ್ತು. ನಡುವೆ ಇನ್ನಷ್ಟು ಕುಸಿದು, ಮೇಲೆಲ್ಲ ಎಣ್ಣೆ ಮಿನುಗುತ್ತಿತ್ತು. ನಿನ್ನೆಯದೂ ಹೀಗೇ. ಮೊನ್ನೆ ಸೋಡಾ ಜಾಸ್ತಿ ಹಾಕಿದ್ದಳು. ಅದೇನೋ ಉಬ್ಬಿತು, ಆದರೆ ಬಾಯಿಗಿಟ್ಟರೆ ಸೋಪು ನೆಕ್ಕಿದ ಹಾಗಿತ್ತು.

"ಅತ್ತೆ, ಮೆಲ್ಲಗೆ. ಅಪ್ಪನಿಗೆ ಕೇಳಿಸುತ್ತೆ."

"ಕೇಳಿಸದೆ ಇರುತ್ತಾ? ಕಾಯಿಲೆ ಬಂದಿರೋದು ನನ್ನ ತಮ್ಮನ ಎದೆಗೆ, ಕಿವಿಗಲ್ಲ."

ಬೇಕರಿ ಮನೆಯ ಕೆಳಗೇ ಇತ್ತು. ಮುಂದೆ ಕೌಂಟರು, ಹಿಂದೆ ಓವನ್ನಿನ ಕೋಣೆ, ಅದರ ಮೂಲೆಯಿಂದ ಮೇಲಕ್ಕೆ ಕಬ್ಬಿಣದ ಮೆಟ್ಟಿಲು. ಮೆಟ್ಟಿಲ ತುದಿಯ ಕೋಣೆಯಲ್ಲಿ ಅಪ್ಪ ಮಲಗಿದ್ದ. ಎರಡು ತಿಂಗಳ ಹಿಂದೆ ಬನ್ನಿನ ಟ್ರೇ ಎಳೆಯುತ್ತಿದ್ದವನು ಹಾಗೇ ಎದೆ ಹಿಡಿದುಕೊಂಡು ಮೈದಾ ಮೂಟೆಗಳ ಮೇಲೆ ಕೂತುಬಿಟ್ಟಿದ್ದ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಕಳಿಸಿದರು. ಜೀವ ಉಳಿಯಿತು. ಅವತ್ತು ಇಳಿದ ಬೇಕರಿಯ ಷಟರು ಮಾತ್ರ ಮತ್ತೆ ಮೇಲೇರಲಿಲ್ಲ.

ಮೈಯಲ್ಲಿ ಕಸುವಿಲ್ಲ ಅನ್ನುವುದೊಂದೇ ಕಾರಣವಾಗಿದ್ದರೆ ಕೆಲಸದವರನ್ನಿಟ್ಟು ನಡೆಸಬಹುದಿತ್ತು. ಆದರೆ ಊರಿನವರು 'ಬನ್ನಣ್ಣ' ಎಂದು ಕರೆಯುತ್ತಿದ್ದ ಅಪ್ಪನಿಗೆ ಒಂದು ನೇಮವಿತ್ತು. ದಿನದ ಮೊದಲ ಟ್ರೇ ಹೊರಬಂದ ಕೂಡಲೆ ಅದರಲ್ಲೊಂದನ್ನು ಮುರಿದು ನಿಂತಲ್ಲೇ ತಿನ್ನುತ್ತಿದ್ದ. ಕಣ್ಣು ಮುಚ್ಚಿ, ನಿಧಾನವಾಗಿ. ಆಗ ಯಾರೂ ಅವನನ್ನು ಮಾತಾಡಿಸುವಂತಿರಲಿಲ್ಲ. ಒಪ್ಪಿಗೆಯಾದರೆ ಷಟರು ಮೇಲೆ. ಇಲ್ಲದಿದ್ದರೆ ಇಡೀ ಟ್ರೇ ಹಿಂದಿನ ಮನೆಯ ಕೋಳಿಗಳ ಪಾಲು. ಈಗ ಆಸ್ಪತ್ರೆಯ ಆಹಾರತಜ್ಞೆ ವನಸ್ಪತಿ, ಬೆಣ್ಣೆ ಎರಡನ್ನೂ ಅವನ ತಟ್ಟೆಯಿಂದ ಎತ್ತಿಬಿಟ್ಟಿದ್ದಳು. ಅವನ ಬೇಕರಿಯಲ್ಲಿ ಆ ಎರಡರಲ್ಲಿ ಒಂದಿಲ್ಲದೆ ಏನೂ ಆಗುತ್ತಿರಲಿಲ್ಲ.

"ನನ್ನ ಬಾಯಿಗೇ ಇಡಕ್ಕಾಗದ್ದನ್ನ ಊರ ಮಕ್ಕಳ ಬಾಯಿಗೆ ಹೇಗೆ ಇಡ್ಲಿ?" ಎಂದು ಕೇಳಿದ್ದ. ಪಕ್ಕದ ಕನ್ನಡಕದ ಅಂಗಡಿಯವರು ಮೊದಲಿನಿಂದಲೂ ಆ ಜಾಗದ ಮೇಲೆ ಕಣ್ಣಿಟ್ಟಿದ್ದರು. ಬಾಡಿಗೆಗೆ ಕೊಡಿ, ಭಾನುವಾರ ಬಂದು ಅಳತೆ ತೆಗೆದುಕೊಂಡು ಮಾತು ಮುಗಿಸುತ್ತೇವೆ ಅಂದರು. ಅಪ್ಪ ಹೂಂ ಅಂದ. ಹೂಂ ಅಂದ ದಿನ ಊಟಕ್ಕೇಳಲಿಲ್ಲ.

ಕ್ಯಾನೋಲಾ ಎಣ್ಣೆ ಆ ಮನೆಗೆ ಬಂದದ್ದು ಔಷಧಿ ಚೀಲದ ಜೊತೆಗೇ. "ಇದೂ ಸಾಸಿವೆಯ ಕುಲದ್ದೇ ಬೀಜ," ಎಂದು ಆಹಾರತಜ್ಞೆ ಅಮ್ಮನಿಗೆ ಹೇಳಿಕೊಟ್ಟಿದ್ದಳು. "ನಾಳಕ್ಕೆ ಕೆಟ್ಟದ್ದು ಮಾಡೋ ಕೊಬ್ಬು ಇದರಲ್ಲಿ ಬಹಳ ಕಡಿಮೆ. ಒಮೇಗಾ-3 ಅಂತ ಹೃದಯಕ್ಕೆ ಬೇಕಾದ್ದು ಸ್ವಲ್ಪ ಇದೆ. ಹಾಗಂತ ಧಾರಾಳವಾಗಿ ಸುರೀಬೇಡಿ. ಎಣ್ಣೆ ಅಂದ್ರೆ ಎಣ್ಣೆನೇ, ಚಮಚದಲ್ಲಿ ಅಳೀರಿ." ಅಮ್ಮ ಆ ಮಾತನ್ನು ಕಟ್ಟಪ್ಪಣೆಯ ಹಾಗೆ ಪಾಲಿಸಿದಳು. ತರಕಾರಿ ಬಾಡಿಸಲು ಅದೇ, ಆಲೂಗೆಡ್ಡೆ ಹುರಿಯಲು ಅದೇ, ಹೆಚ್ಚಿದ ಸೌತೆ-ಟೊಮೇಟೊ ಮೇಲೆ ನಿಂಬೆರಸದ ಜೊತೆಗೂ ಅದೇ. ಅಪ್ಪ ಎರಡು ತುತ್ತು ತಿಂದು ತಟ್ಟೆ ಸರಿಸಿದ.

"ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಗೆ ಬಂದು ಬಾಯೇ ಬಿಡದೆ ಕೂತಿರೋ ನೆಂಟನ ಹಾಗಿದೆ ಈ ಎಣ್ಣೆ."

"ನಿನ್ನ ಮಗಳ ಹಾಗೆ ಅನ್ನು," ಎಂದಳು ಅತ್ತೆ.

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಆಮೇಲೆ ಪಾತ್ರೆ ತೊಳೆಯುತ್ತಾ ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಪದವಿ ಮುಗಿಸಿ ವರ್ಷವಾಗಿತ್ತು. ಸಂದರ್ಶನಗಳಿಗೆ ಹೋಗಿ, ಗೊತ್ತಿದ್ದ ಉತ್ತರವನ್ನೂ ಗಂಟಲಲ್ಲೇ ಇಟ್ಟುಕೊಂಡು ಎದ್ದು ಬಂದಿದ್ದಳು. ಬೇಕರಿಯಲ್ಲಿ ಅವಳ ಜಾಗ ಕೌಂಟರಿನ ಹಿಂದಲ್ಲ, ಅದರ ಹಿಂದಿನ ಗೋಡೆಯ ಹಿಂದೆ. ಹುಟ್ಟುಹಬ್ಬದ ಕೇಕುಗಳ ಮೇಲೆ ಐಸಿಂಗಿನಲ್ಲಿ ಹೆಸರು ಬರೆಯುವವಳು ಅವಳೇ. ಊರಿನ ಮಕ್ಕಳ ಹೆಸರೆಲ್ಲ ಅವಳ ಕೈಗೆ ಗೊತ್ತು, ಒಬ್ಬರ ಮುಖವೂ ಗೊತ್ತಿಲ್ಲ. ಬಾಯೇ ಬಿಡದ ಎಣ್ಣೆ ಕೇಕಿನಲ್ಲಿ ಕೂತರೆ ನಿಂಬೆ ಮಾತಾಡಬಹುದಲ್ಲ, ವೆನಿಲಾ ಮಾತಾಡಬಹುದಲ್ಲ ಅಂತ ಅವಳಿಗೆ ಅನ್ನಿಸಿದ್ದು ಪಾತ್ರೆ ತೊಳೆಯುವ ಆ ಹೊತ್ತಿನಲ್ಲಿ. ಭಾನುವಾರಕ್ಕೆ ಇನ್ನೂ ಕೆಲವು ದಿನ ಇದ್ದವು. ಅಷ್ಟರೊಳಗೆ ಅಪ್ಪ ಬಾಯಿಗಿಡಬಹುದಾದ ಒಂದು ಕೇಕು ಓವನ್ನಿನಿಂದ ಹೊರಬರಬೇಕಿತ್ತು.

ಬಂದದ್ದು ಅಟ್ಟೆ.

ಆ ಮನೆಯಲ್ಲಿ ಕೇಕು ಶುರುವಾಗುತ್ತಿದ್ದುದು ಒಂದೇ ರೀತಿಯಲ್ಲಿ. ದೊಡ್ಡ ಅಲ್ಯೂಮಿನಿಯಂ ಬೋಗುಣಿ, ಅದರಲ್ಲಿ ಬೆಣ್ಣೆ ಇಲ್ಲವೆ ವನಸ್ಪತಿ, ಮೇಲೆ ಸಕ್ಕರೆ. ಆಮೇಲೆ ಅಂಗೈಯಿಂದ ಒಂದೇ ದಿಕ್ಕಿಗೆ ತಿರುವುವುದು, ಹಳದಿ ಹೋಗಿ ಹತ್ತಿಯಷ್ಟು ಬೆಳ್ಳಗಾಗುವವರೆಗೆ. ಅಪ್ಪನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಮಗಳು ಚಿಕ್ಕಂದಿನಿಂದ ನೋಡಿದ್ದೂ ಅದನ್ನೇ. ಅದಕ್ಕೇ ಬೋಗುಣಿಗೆ ಎಣ್ಣೆ ಸುರಿದು, ಸಕ್ಕರೆ ಹಾಕಿ, ತೋಳು ಮಡಚಿ ತಿರುವತೊಡಗಿದ್ದಳು. ಸಕ್ಕರೆ ತಳದಲ್ಲಿ ಕರಕರ ಅನ್ನುತ್ತಿತ್ತು, ಎಣ್ಣೆ ಮೇಲೆ ಚಳಕ್ ಚಳಕ್ ಅನ್ನುತ್ತಿತ್ತು. ಭುಜ ಬಿದ್ದು ಹೋಗುವಷ್ಟು ತಿರುವಿದರೂ ಬೆಳ್ಳಗಾಗುವ ಲಕ್ಷಣ ಕಾಣಲಿಲ್ಲ. ಇನ್ನೂ ಸಾಲದೇನೋ ಎಂದು ಮರುದಿನ ಇನ್ನಷ್ಟು ಹೊತ್ತು ತಿರುವಿದ್ದಳು.

ಈವತ್ತೂ, ಅಟ್ಟೆಯನ್ನು ಕೋಳಿಗಳಿಗೆ ಹಾಕಿ ಬಂದು, ಮತ್ತೆ ಬೋಗುಣಿ ಎಳೆದುಕೊಂಡಳು.

ಸ್ವಲ್ಪ ಹೊತ್ತಿನಲ್ಲೇ ಮೇಲಿನಿಂದ ದನಿ ಬಂತು. "ಏನೇ ಅದು ಕೆಳಗೆ? ಬಟ್ಟೆ ಒಗೀತಿದ್ದೀರಾ?"

"ಹೌದು ಕಣೋ, ನಿನ್ನ ಮಾನ ಒಗೀತಿದ್ದೀವಿ. ಮಲ್ಕೋ ಸುಮ್ನೆ," ಎಂದಳು ಅತ್ತೆ.

"ತಮಾಷೆ ಬಿಡಕ್ಕ. ಮೂರು ದಿನದಿಂದ ಆ ಶಬ್ದ ಕೇಳಿ ತಲೆ ಚಿಟ್ಟು ಹಿಡೀತಿದೆ. ಎಣ್ಣೆನ ಸಕ್ಕರೆ ಜೊತೆ ತಿರುವ್ತಿದ್ದಾಳಾ?"

ಮಗಳು ತಿರುವುವುದನ್ನು ನಿಲ್ಲಿಸಿದಳು. ಮಂಚ ಕಿರುಗುಟ್ಟಿತು.

"ಬೆಣ್ಣೆ ಆದ್ರೆ ಗಾಳಿನ ತಬ್ಬಿಕೊಳುತ್ತೆ. ಆ ಗಾಳಿಯಿಂದ ತಾನೆ ಕೇಕು ಮೇಲೇಳೋದು? ಎಣ್ಣೆಗೆ ಕೈಯೆಲ್ಲಿದೆ ತಬ್ಬಿಕೊಳೋಕೆ? ವರ್ಷ ತಿರುವಿದ್ರೂ ಅದು ಬೆಳ್ಳಗಾಗಲ್ಲ." ಆಮೇಲೆ ದನಿ ತಗ್ಗಿಸಿ, "ಬಿಟ್ಬಿಡು ಮಗಳೇ. ಕೈ ನೋಯಿಸ್ಕೋಬೇಡ," ಅಂದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಗಳು ಬೋಗುಣಿಯನ್ನು ದೂರ ತಳ್ಳಿ, ಮೈದಾ ಮೂಟೆಗಳ ಮೇಲೆ ಕೂತು, ಎಣ್ಣೆಗೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಒರೆಸಿದಷ್ಟೂ ಎಣ್ಣೆ. ಅತ್ತೆ ಅವಳ ಮುಖ ನೋಡಿ, ಅವಳಿಗೆಂದೇ ಒಂದು ಆಮ್ಲೆಟ್ ಮಾಡಲು ಹೊರಟಳು. ಲೋಟಕ್ಕೆ ಮೊಟ್ಟೆ ಒಡೆದು, ಫೋರ್ಕಿನಿಂದ ಟಣಟಣ ಬಡಿಯುತ್ತಾ, ಕನ್ನಡಕದವರ ಹೆಂಡತಿಯ ಹೊಸ ಕಾರಿನ ಸುದ್ದಿ ಶುರು ಮಾಡಿದಳು. ಅತ್ತೆಯ ಮಾತಿಗೂ ಕೈಗೂ ಒಂದೇ ವೇಗ. ಕಾರಿಗೆ ಡೆಂಟ್ ಬಿದ್ದ ಕಡೆ ಕಥೆ ಬರುವಷ್ಟರಲ್ಲಿ ಲೋಟದ ಅರ್ಧಕ್ಕಿದ್ದ ಮೊಟ್ಟೆ ನೊರೆಯಾಗಿ ಅಂಚು ದಾಟಿ ಅವಳ ಬೆರಳ ಮೇಲೆ ಇಳಿಯಿತು.

ಮಗಳು ಎದ್ದು ನಿಂತಳು. ಎಣ್ಣೆಗೆ ಕೈಯಿಲ್ಲ. ಸರಿ. ಮೊಟ್ಟೆಗಿದೆಯಲ್ಲ.

"ಅತ್ತೆ, ಆಮ್ಲೆಟ್ ಬೇಡ. ಮನೇಲಿ ಎಷ್ಟು ಮೊಟ್ಟೆ ಇದೆ?"

"ಯಾಕೆ, ನಿಮ್ಮಪ್ಪನ ತಲೆಗೆ ಹೊಡೀತೀಯಾ?"

ಮೊಟ್ಟೆಯ ಮೊದಲ ಪ್ರಯತ್ನ ಅತ್ತೆಯಿಂದಲೇ ಕೆಟ್ಟಿತು. ಮೊಟ್ಟೆ-ಸಕ್ಕರೆ ಚೆನ್ನಾಗಿ ನೊರೆಯೆದ್ದಿತ್ತು. "ಎಣ್ಣೆ ಹಾಕು" ಅಂದ ಕೂಡಲೆ ಅತ್ತೆ ಬಟ್ಟಲನ್ನು ಪೂರ್ತಿ ಬೋರಲು ಹಾಕಿದಳು. ನೊರೆ ನೋಡನೋಡುತ್ತಾ ಸತ್ತಿತು. ಕೇಕಿನ ಮೇಲರ್ಧ ಹತ್ತಿ, ಕೆಳಗರ್ಧ ರಬ್ಬರು. ಆದರೆ ಮೇಲರ್ಧ ಇತ್ತು. ಮಗಳು ಅದನ್ನಷ್ಟೇ ಕತ್ತರಿಸಿ ತಿಂದು ನೋಡಿದಳು, ಅತ್ತೆಯ ಬಾಯಿಗೂ ಇಟ್ಟಳು. ಅತ್ತೆ ಅಗಿದು, ನುಂಗಿ, ಜೀವಮಾನದಲ್ಲಿ ಮೊದಲ ಸಲ ಮಾತು ಹುಡುಕಿದಳು.

ಆ ಸಂಜೆ ಮಗಳು ಇನ್ನೊಂದು ಕೆಲಸ ಮಾಡಿದಳು. ರಾಂಗ್ ನಂಬರಿನ ಫೋನು ಬಂದರೂ ಅಮ್ಮನ ಕೈಗೆ ಕೊಡುವವಳು, ತಾನೇ ಆಸ್ಪತ್ರೆಗೆ ಫೋನು ಮಾಡಿ ಆಹಾರತಜ್ಞೆಯನ್ನು ಕೇಳಿದಳು. ಹೇಳಬೇಕಾದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರಿಂದ ಆ ಕಡೆಯಾಕೆ ಎರಡು ಸಲ "ನಿಧಾನ, ನಿಧಾನ," ಅನ್ನಬೇಕಾಯಿತು.

"ಸಕ್ಕರೆ ಇನ್ನೂ ಕಮ್ಮಿ ಮಾಡಿ. ತೆಳ್ಳಗೆ ಒಂದು ತುಂಡು, ವಾರಕ್ಕೆ ಒಂದೆರಡು ಸಲ ತಿನ್ನಲಿ, ಅಡ್ಡಿಯಿಲ್ಲ."

"ದಿನಾ ಬೆಳಗ್ಗೆ ರುಚಿ ನೋಡೋಕೆ? ಒಂದು ಚೂರು?"

"ಬೆರಳ ತುದಿಯಷ್ಟು ಚೂರು ತಾನೆ? ನೋಡಲಿ ಬಿಡಿ." ನಕ್ಕು, "ನನಗೂ ಒಂದು ತುಂಡು ಎತ್ತಿಡಿ," ಅಂದಳು.

ಭಾನುವಾರ ಕನ್ನಡಕದವರು ಹೇಳಿದ್ದಕ್ಕಿಂತ ಮೊದಲೇ ಬಂದರು, ಟೇಪು ಹಿಡಿದುಕೊಂಡು. ಕೆಟ್ಟ ಮನುಷ್ಯರಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಊಟದ ಡಬ್ಬಿ ತಂದುಕೊಟ್ಟವರು. ಷಟರು ಇಳಿದೇ ಇದ್ದುದರಿಂದ ಪಕ್ಕದ ಬಾಗಿಲಿನಿಂದ ಒಳಗೆ ಬಂದು, ಲೈಟು ಹಾಕಿ, ಕೌಂಟರಿನ ಉದ್ದ ಅಳೆಯತೊಡಗಿದರು. ಅಪ್ಪ ಇಸ್ತ್ರಿ ಅಂಗಿ ತೊಟ್ಟು ಒಂದೊಂದೇ ಮೆಟ್ಟಿಲು ಇಳಿದ. ಅಂಗಿ ಈಗ ದೊಡ್ಡದಾಗಿತ್ತು. ಅಮ್ಮ ಹಿಂದೆಯೇ, ಕೈ ಚಾಚಿಕೊಂಡು, ಮುಟ್ಟದೆ.

ಹಿಂದಿನ ಕೋಣೆಯಲ್ಲಿ ಮಗಳು ಬೋಗುಣಿಯನ್ನು ಬೆಚ್ಚಗಿನ ನೀರಿನ ಪಾತ್ರೆಯ ಮೇಲೆ ಕೂರಿಸಿಕೊಂಡಿದ್ದಳು. ತಂತಿ ಬೀಟರು ಎತ್ತಿದರೆ ಮೊಟ್ಟೆ-ಸಕ್ಕರೆ ಅಗಲ ರಿಬ್ಬನ್ನಿನ ಹಾಗೆ ಮಡಿಮಡಿಯಾಗಿ ಇಳಿದು, ಒಂದು ಗಳಿಗೆ ಹಾಗೇ ಮಲಗಿ, ಆಮೇಲೆ ಕರಗುತ್ತಿತ್ತು.

"ಈಗ," ಎಂದಳು. "ದಾರದ ಹಾಗೆ ಬಿಡು ಅತ್ತೆ. ನಿನ್ನ ಮಾತಿನ ಹಾಗಲ್ಲ."

ಅತ್ತೆ ತುಟಿ ಬಿಗಿದು ಎಣ್ಣೆಯನ್ನು ಎಳೆಯಾಗಿ ಬಿಟ್ಟಳು. ನೊರೆ ಅದನ್ನು ಮೆಲ್ಲಗೆ ಒಳಗೆ ಎಳೆದುಕೊಂಡಿತು. ಮೈದಾ ಜರಡಿಯಿಂದ ಇಳಿಯಿತು, ನಿಂಬೆಸಿಪ್ಪೆಯ ತುರಿ ಬಿತ್ತು. ಹಿಂದಿನ ದಿನಗಳ ಚಳಕ್ ಚಳಕ್ ಇರಲಿಲ್ಲ. ಒದ್ದೆ ಮಣ್ಣಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗಿತ್ತು. ಮುಂದಿನ ಕೋಣೆಯಲ್ಲಿ ಕನ್ನಡಕದವರು "ಇಲ್ಲಿ ಒಂದು ಕನ್ನಡಿ ಬರುತ್ತೆ ಅಣ್ಣಾವ್ರೆ, ಇಲ್ಲೊಂದು ಬರುತ್ತೆ," ಎನ್ನುತ್ತಿದ್ದರು. ಅಪ್ಪ ಹೂಂಗುಟ್ಟುವುದನ್ನು ನಿಲ್ಲಿಸಿದ್ದ. ತಲೆಯನ್ನು ಸ್ವಲ್ಪ ಹಿಂದಿನ ಗೋಡೆಯ ಕಡೆ ವಾಲಿಸಿ ಕೂತಿದ್ದ.

ಓವನ್ನಿನ ಬಾಗಿಲು ಮುಚ್ಚಿತು. ಮಾತುಕತೆ ನಡೆದೇ ಇತ್ತು. ಕರಾರು, ಬಣ್ಣ, ನೆಲದ ಟೈಲ್ಸು. ಅಷ್ಟರಲ್ಲಿ ವಾಸನೆ ಹೊರಟಿತು. ನಿಂಬೆ ಮುಂದೆ, ವೆನಿಲಾ ಅದರ ಬೆನ್ನಿಗೆ. ನಡುವೆ ಜಿಡ್ಡಿನ ಕಮಟು ಸ್ವಲ್ಪವೂ ಇಲ್ಲ. ಅದು ಕೌಂಟರು ದಾಟಿ, ಷಟರಿನ ಕೆಳಗಿನ ಸಂದಿಯಿಂದ ಬೀದಿಗಿಳಿಯಿತು. ಎರಡು ತಿಂಗಳಿನಿಂದ ಆ ಸಂದಿಯಿಂದ ಏನೂ ಬಂದಿರಲಿಲ್ಲ.

ಷಟರನ್ನು ಯಾರೋ ತಟ್ಟಿದರು. "ಬನ್ನಣ್ಣಾ! ತೆಗೆದ್ರಾ?"

"ಇಲ್ಲ, ಇಲ್ಲ," ಎಂದು ಕನ್ನಡಕದವರೇ ಕೂಗಿದರು.

"ಮತ್ತೆ ಈ ವಾಸನೆ ಏನ್ರೀ? ಕನ್ನಡಕ ಬೇಯಿಸ್ತಿದ್ದೀರಾ?"

ಹೊರಗೆ ನಗು. ಒಂದು ದನಿಯಲ್ಲ, ಹಲವು.

ಮಗಳು ಟಿನ್ನು ತಂದು ಕೌಂಟರಿನ ಮೇಲೆ, ಸರಿಯಾಗಿ ಟೇಪಿನ ಮೇಲೆಯೇ, ಬೋರಲು ಹಾಕಿ ಎತ್ತಿದಳು. ಕೇಕು ಟಿನ್ನಿಗಿಂತ ಎತ್ತರಕ್ಕೆ ನಿಂತಿತ್ತು. ಅಪ್ಪ ಅದನ್ನು ನೋಡಿದ, ಆಮೇಲೆ ಅವಳನ್ನು.

"ಬೆಣ್ಣೆ ಎಷ್ಟು?"

"ಇಲ್ಲ."

"ವನಸ್ಪತಿ?"

"ಇಲ್ಲ ಅಪ್ಪ."

"ಸುಳ್ಳು ಹೇಳಬೇಡ. ಇಷ್ಟೆತ್ತರ ಎದ್ದಿದೆ."

ಕನ್ನಡಕದವರು ನೋಡುತ್ತಿದ್ದರು. ಷಟರಿನ ಆಚೆ ಜನ ನಿಂತಿದ್ದರು. ಇಂಥ ಹೊತ್ತಿನಲ್ಲಿ ಮಗಳು ಒಳಗೆ ಓಡುವುದು ಎಲ್ಲರಿಗೂ ಗೊತ್ತಿದ್ದುದರಿಂದ ಅಮ್ಮ ತಾನೇ ಉತ್ತರ ಕೊಡಲು ಬಾಯಿ ತೆರೆದಳು.

"ಗಾಳಿ ಮೊಟ್ಟೇದು," ಎಂದಳು ಮಗಳು. "ಎಣ್ಣೆ ತಬ್ಬಿಕೊಳಲ್ಲ ಅಂತ ನೀನೇ ಹೇಳಿದ್ದು. ಅದಕ್ಕೆ ಮೊಟ್ಟೆ ಕೈಗೆ ಕೊಟ್ಟೆ. ಎಣ್ಣೆ ಬರೀ ಮೆತ್ತಗಿಡೋಕೆ. ಬೆಣ್ಣೆ ಹಾಕ್ತಿದ್ದುದಕ್ಕಿಂತ ಕಮ್ಮಿನೇ ಹಾಕಿದೀನಿ, ಅಳೆದು. ಸಕ್ಕರೆನೂ ಕಮ್ಮಿ. ಊಟದ ಡಾಕ್ಟರಮ್ಮನ್ನ ಕೇಳಿದೀನಿ. ನಾನೇ ಫೋನ್ ಮಾಡಿ ಕೇಳಿದೀನಿ. ನೀನು ತಿನ್ನಬಹುದು. ಒಂದು ತುಂಡು. ಎರಡು ಕೇಳಿದ್ರೆ ಕೊಡಲ್ಲ."

ಇಷ್ಟು ಉದ್ದದ ಮಾತನ್ನು ಆ ಮನೆ ಅವಳ ಬಾಯಿಂದ ಕೇಳಿರಲಿಲ್ಲ. ಅತ್ತೆ ಗೋಡೆಗೊರಗಿದಳು.

ಅಪ್ಪ ಹೆಬ್ಬೆರಳಿನಿಂದ ಕೇಕಿನ ನೆತ್ತಿಯನ್ನು ಒತ್ತಿ ಬಿಟ್ಟ. ಗುಳಿ ಬಿದ್ದದ್ದು ಮೆಲ್ಲಗೆ ಮೇಲೆದ್ದಿತು. ಕತ್ತರಿಸಿ ಒಳಮೈ ನೋಡಿದ, ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿ ಬಾಯಿಗಿಟ್ಟ. ಹೊರಗಿನವರಿಗೂ ಹೇಗೋ ತಿಳಿದಿರಬೇಕು, ಷಟರು ತಟ್ಟುವುದು ನಿಂತಿತು.

"ಎಡಗಡೆ ಕಂದಿದೆ," ಎಂದ ಕೊನೆಗೆ, ಕಣ್ಣು ತೆರೆಯದೆ. "ಆ ಓವನ್ನಿಗೆ ಎಡಗಡೆ ಶಾಖ ಜಾಸ್ತಿ. ಅರ್ಧ ಬೆಂದಾಗ ಟಿನ್ನು ತಿರುಗಿಸಬೇಕು. ಅಷ್ಟೂ ನೋಡಿಲ್ವಾ ನೀನು ಇಷ್ಟು ವರ್ಷ?" ಅಂಗೈಯಲ್ಲಿದ್ದ ಚೂರುಗಳನ್ನೂ ಬಾಯಿಗೆ ಹಾಕಿಕೊಂಡ. "ಇನ್ನೊಂದು ತುಂಡು ಕೊಡು."

"ಕೊಡಲ್ಲ."

"ಮುಟ್ಟಿದ್ರೆ ನೋಡಿ ಮತ್ತೆ!" ಎಂದಳು ಅಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

ಮಗಳು ಆ ತುಂಡನ್ನು ಕನ್ನಡಕದವರಿಗೆ ಕೊಟ್ಟಳು. ಅವರು ತಿಂದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಕೇಕನ್ನು ನೋಡಿದರು. "ಅಣ್ಣಾವ್ರೆ, ಹಾಗಾದ್ರೆ ಕರಾರು...?"

"ನಾಳೆ ಹೇಳ್ತೀನಿ," ಎಂದ ಅಪ್ಪ. "ಬಿಸಿಯಲ್ಲಿ ಎಲ್ಲ ಕೇಕೂ ಒಳ್ಳೇದೇ. ಇದು ಒಂದು ರಾತ್ರಿ ಕಳೀಲಿ." ಉಳಿದದ್ದರ ಮೇಲೆ ಬೋಗುಣಿ ಮುಚ್ಚಿಟ್ಟು, ಅದರ ಮೇಲೆ ತೂಕದ ಕಲ್ಲಿಟ್ಟ, ಕೇಕು ಎದ್ದು ಓಡಿಹೋಗುತ್ತದೇನೋ ಎಂಬಂತೆ.

ಸೋಮವಾರ ಬೆಳಕಾಗುತ್ತಲೇ ಅವನು ಕೆಳಗಿದ್ದ. ಬೆಣ್ಣೆಯ ಕೇಕು ಎರಡನೆಯ ದಿನಕ್ಕೆ ಬಿಗಿಯುತ್ತದೆ, ಚಳಿಯಲ್ಲಂತೂ ಚಾಕು ಸಾಗದು. ಅಪ್ಪ ಬೋಗುಣಿ ಎತ್ತಿ ಚಾಕು ಇಟ್ಟ. ಚಾಕು ತನ್ನಷ್ಟಕ್ಕೆ ಇಳಿದ ಹಾಗೆ ಇಳಿಯಿತು. ಬೆರಳ ತುದಿಯಷ್ಟು ಚೂರು ಬಾಯಿಗಿಟ್ಟುಕೊಂಡ. ನಿನ್ನೆಗಿಂತ ಮೆತ್ತಗಿತ್ತು. ನಿಂಬೆ ಈಗ ಒಳಗೆಲ್ಲ ಹರಡಿ, ಮನೆಯವರ ಹಾಗೆ ಕೂತಿತ್ತು.

ಅವನು ಹೋಗಿ ಷಟರಿನ ಬೀಗ ತೆಗೆದು, ಬಗ್ಗಿದ. "ರೀ, ಭಾರ ಎತ್ತಬೇಡಿ!" ಎಂದು ಅಮ್ಮ ಓಡಿಬಂದಳು. ಅತ್ತೆ ಒಂದು ಕಡೆ, ಮಗಳು ಒಂದು ಕಡೆ ಹಿಡಿದು ಎತ್ತಿದರು. ತುಕ್ಕು ಹಿಡಿದಿದ್ದ ಷಟರು ಬೀದಿಯನ್ನೆಲ್ಲ ಎಬ್ಬಿಸುವ ಹಾಗೆ ಕಿರುಚಿಕೊಂಡು ಮೇಲೆ ಹೋಯಿತು. ಪಕ್ಕದಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ ಕನ್ನಡಕದವರು ಅದನ್ನು ನೋಡಿದರು, ಅಪ್ಪನ ಮುಖ ನೋಡಿದರು.

"ಕರಾರು ಹಾಳಾಗಲಿ ಬಿಡಿ," ಅಂದರು ಬಾಯ್ತುಂಬ ನೊರೆಯಲ್ಲೇ. "ನಿನ್ನೆದು ಇನ್ನೊಂದು ತುಂಡು ಉಳಿದಿದ್ಯಾ?"

ಮಗಳು ಅಂಗಡಿ ಮುಂದಿನ ಮೆಟ್ಟಿಲ ಮೇಲೆ ನಿಂತು ಬೀದಿಯ ಆ ತುದಿಯಿಂದ ಈ ತುದಿಗೆ ನೋಡಿದಳು. ಶಾಲೆಗೆ ಹೊರಟವರು, ಹಾಲು ತರುವವರು, ಬಸ್ಸಿಗೆ ಓಡುವವರು. "ಬನ್ನಿ, ತೆಗೆದಿದೀವಿ!" ಎಂದು ಕೂಗಿದಳು. ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ. ಆಮೇಲೂ ಒಳಗೆ ಓಡಲಿಲ್ಲ, ಅಲ್ಲೇ ನಿಂತಿದ್ದಳು.

ಉಳಿದಿದ್ದ ಕೇಕು ಮೊದಲ ನಾಲ್ಕಾರು ಜನಕ್ಕೇ ಮುಗಿಯಿತು. ಉಳಿದವರು ಹೋಗಲಿಲ್ಲ, ಕಾಯುತ್ತೇವೆ ಎಂದು ಕೌಂಟರಿಗೆ ಮೊಣಕೈ ಊರಿದರು. ಅತ್ತೆ ಅವರಿಗೆ ಕಥೆ ಹೇಳಲು ನಿಂತಳು. ಕಥೆಯಲ್ಲಿ ನೊರೆ ಕಂಡುಹಿಡಿದವಳು ಅವಳೇ ಆಗಿದ್ದಳು.

ಹಿಂದಿನ ಕೋಣೆಯಲ್ಲಿ ಅಪ್ಪ ತೋಳು ಮಡಚಿ ಮೊಟ್ಟೆ ಒಡೆದ. ಬೀಟರು ತೆಗೆದುಕೊಂಡು ಸ್ವಲ್ಪ ಹೊತ್ತು ಚೆನ್ನಾಗಿಯೇ ತಿರುವಿದ. ಆಮೇಲೆ ಹಣೆಯಲ್ಲಿ ಬೆವರು ಕಾಣಿಸಿತು, ಕೈ ನಿಂತಿತು. ಮಗಳು ಬೀಟರು ತೆಗೆದುಕೊಂಡಳು. ಅಪ್ಪ ದೂರ ಸರಿಯಲಿಲ್ಲ. ಬೋಗುಣಿ ಜಾರದ ಹಾಗೆ ಎರಡೂ ಕೈಯಲ್ಲಿ ಅಂಚು ಹಿಡಿದು, ಬಗ್ಗಿ ನಿಂತ. ಅವಳು ತಿರುವಿದಳು. ಹಳದಿ ತಿಳಿಯಾಗುತ್ತಾ, ಬೆಳ್ಳಗಾಗುತ್ತಾ, ನೊರೆ ನಿಧಾನವಾಗಿ ಏರಿ ಬಂದು ಅಂಚಿನಲ್ಲಿದ್ದ ಅಪ್ಪನ ಹೆಬ್ಬೆರಳನ್ನು ಮುಟ್ಟಿತು. ಅವನು ಬೆರಳು ತೆಗೆಯಲಿಲ್ಲ.